ಒಂದು ಫಾರ್ದಿಂಗಿನ ಮಾರ್ಕು

ಉತ್ತರಪತ್ರಿಕೆ ತಿದ್ದುವುದು ಹೊರಗಿನಿಂದ ನೋಡುವವರಿಗೆ ಸುಖದ ಉದ್ಯೋಗವಾಗಿ ತೋರುತ್ತದೆ. ಮನೆಯ ಜಗಲಿ, ಒಂದು ಒರಗುಕುರ್ಚಿ, ಕೆಂಪು ಮಸಿಯ ಲೇಖನಿ, ಪಕ್ಕದಲ್ಲಿ ಒಂದು ಲೋಟ ಕಾಫಿ, ಇನ್ನೇನು ಬೇಕು? ಆದರೆ ನಲವತ್ತು ಮಂದಿ ಒಂದೇ ಪ್ರಶ್ನೆಗೆ ಬರೆದ ನಲವತ್ತು ಉತ್ತರಗಳನ್ನು ಒಂದಾದಮೇಲೊಂದು ಓದಿದವನಿಗೆ ಗೊತ್ತು, ಹದಿನೈದನೆಯದಕ್ಕೆ ಬರುವ ಹೊತ್ತಿಗೆ ಮನಸ್ಸು ಎಂಥ ಸ್ಥಿತಿಗೆ ಇಳಿದಿರುತ್ತದೆ ಎಂಬುದು.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಗೆ ನಾನೇ ಒಂದು ಪ್ರಶ್ನೆ ಕೊಟ್ಟಿದ್ದೆ. ಆಧುನಿಕ ಚಿತ್ರಕಲೆಯನ್ನು ಕುರಿತ ಎರಡು ಬರಹಗಳನ್ನು ಓದಿ, ಹೋಲಿಸಿ, ಇಪ್ಪತ್ತು ಮಾರ್ಕಿಗೆ ಉತ್ತರ ಬರೆಯಬೇಕು. ಒಂದು, ಜಾನ್ ರಸ್ಕಿನ್ ೧೮೭೭ರಲ್ಲಿ ಬರೆದ ಒಂದು ಪತ್ರ. ಇನ್ನೊಂದು, ಜೇಮ್ಸ್ ವಿಸ್ಲರ್ ೧೮೮೫ರಲ್ಲಿ ಮಾಡಿದ ಒಂದು ಭಾಷಣ. ಆ ಕಟ್ಟಿನಲ್ಲಿ ಎರಡು ಉತ್ತರಗಳು ನನ್ನನ್ನು ಕಾಡಿದುವು. ಒಬ್ಬ ಹುಡುಗ ಹನ್ನೆರಡು ಪುಟ ಬರೆದಿದ್ದ. ಇಸವಿಗಳೆಲ್ಲ ಸರಿ, ರಸ್ಕಿನ್ನನಿಗೆ ಆರು ಪುಟ, ವಿಸ್ಲರನಿಗೆ ಆರು ಪುಟ, ತೂಗಿ ಕೊಟ್ಟಂತೆ. ಒಬ್ಬಳು ಹುಡುಗಿ ಒಂದೂವರೆ ಪುಟ ಬರೆದಿದ್ದಳು. ಈ ಇಬ್ಬರೂ ಒಂದೇ ವಿಷಯವನ್ನು ಕುರಿತು ಮಾತಾಡುತ್ತಲೇ ಇಲ್ಲ, ಒಬ್ಬರು ಕೇಳುತ್ತಿರುವುದು ಬೆಲೆಯ ಪ್ರಶ್ನೆ, ಇನ್ನೊಬ್ಬರು ಹೇಳುತ್ತಿರುವುದು ಕಣ್ಣಿನ ಉತ್ತರ ಎಂದು ಅವಳ ವಾದ. ಅಲ್ಲಿಗೇ ನಿಲ್ಲಿಸಿಬಿಟ್ಟಿದ್ದಳು. ಹುಡುಗನಿಗೆ ಹದಿನಾಲ್ಕು ಕೊಟ್ಟೆ. ಹುಡುಗಿಗೆ ಎಂಟು ಕೊಟ್ಟು, ಪಕ್ಕದಲ್ಲಿ 'ಸಾಲದು' ಎಂದು ಬರೆದು ಮಲಗಿದೆ.

ಬೆಳಿಗ್ಗೆ ಎದ್ದು ಆ ಒಂದೂವರೆ ಪುಟವನ್ನು ಇನ್ನೊಮ್ಮೆ ನೋಡಿದರೆ, ಅದಕ್ಕೆ ಹದಿನೈದಕ್ಕಿಂತ ಕಡಿಮೆ ಕೊಡಲು ಕೈ ಬರಲಿಲ್ಲ. ಅದೇ ಕಾಗದ, ಅದೇ ನಾನು. ನಡುವೆ ಒಂದು ರಾತ್ರಿ. ಮೊದಲ ದರ್ಜೆ ಬರುವುದೂ ತಪ್ಪುವುದೂ ಇಂಥ ಏಳು ಮಾರ್ಕಿನಲ್ಲೇ ಅಲ್ಲವೆ?

ಪ್ರಶ್ನೆ ಕೊಟ್ಟವನೇ ಆ ಎರಡು ಬರಹಗಳ ಚರಿತ್ರೆಯನ್ನು ಮರೆತಿದ್ದೆನೆಂದು ಆಮೇಲೆ ಹೊಳೆಯಿತು. ನನ್ನ ಕೈಯಲ್ಲಿದ್ದ ತಕರಾರು ಲಂಡನ್ನಿನ ನ್ಯಾಯಾಲಯವೊಂದರಲ್ಲಿ ಎಂದೋ ವಿಚಾರಣೆಗೆ ಬಂದಿತ್ತು.

ರಸ್ಕಿನ್ ನಮಗೆ ಹೊರಗಿನವನಲ್ಲ. ಗಾಂಧೀಜಿ ೧೯೦೪ರಲ್ಲಿ ದಕ್ಷಿಣ ಆಫ್ರಿಕದ ರೈಲಿನಲ್ಲಿ ಓದಿ, ಮುಂದೆ 'ಸರ್ವೋದಯ' ಎಂಬ ಹೆಸರಿನಲ್ಲಿ ಗುಜರಾತಿಗೆ ತಂದದ್ದು ಅವನ ಪುಸ್ತಕವನ್ನೇ. ದುಡಿಮೆಗೆ ತಕ್ಕ ಕೂಲಿ ಯಾವುದು ಎಂಬುದು ಅವನನ್ನು ಬಾಳೆಲ್ಲ ಕಾಡಿದ ಪ್ರಶ್ನೆ. ಅವನು ಹೊಸ ಕಲೆಯ ಶತ್ರುವೂ ಅಲ್ಲ. ೧೮೪೩ರಲ್ಲಿ, ಇನ್ನೂ ಇಪ್ಪತ್ತನಾಲ್ಕು ವರ್ಷದ ತರುಣನಾಗಿದ್ದಾಗ, 'ಆಧುನಿಕ ಚಿತ್ರಕಾರರು' ಎಂಬ ಗ್ರಂಥದ ಮೊದಲ ಸಂಪುಟವನ್ನು ಬರೆದದ್ದು ಟರ್ನರ್ ಎಂಬ ಚಿತ್ರಕಾರನ ಪರವಾಗಿ ವಾದಿಸಲೆಂದೇ. ಟರ್ನರನ ಮಂಜು, ಬಿರುಗಾಳಿ, ಬೆಳಕುಗಳನ್ನು ಕಂಡು ನಗುತ್ತಿದ್ದವರಿಗೆ ಕಣ್ಣು ತೆರೆಸಿದವನು ಅವನು. ಅಂಥವನೇ ಮುವ್ವತ್ತನಾಲ್ಕು ವರ್ಷಗಳಾದಮೇಲೆ ಇನ್ನೊಬ್ಬ ಚಿತ್ರಕಾರನನ್ನು ಕಂಡು ಉರಿದುಬಿದ್ದ.

೧೮೭೭ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಗ್ರೋವ್ನರ್ ಗ್ಯಾಲರಿ ಎಂಬ ಹೊಸ ಚಿತ್ರಶಾಲೆ ತೆರೆಯಿತು. ಅಲ್ಲಿ ವಿಸ್ಲರನ ಒಂದು ರಾತ್ರಿಚಿತ್ರ ತೂಗುತ್ತಿತ್ತು. ಥೇಮ್ಸ್ ನದಿಯ ದಡದ ಉದ್ಯಾನವೊಂದರಲ್ಲಿ ಬಾಣಬಿರುಸು ಹಾರಿ, ಕಿಡಿಗಳು ಕತ್ತಲೆಯಲ್ಲಿ ಉದುರುವ ನೋಟ. ಮನುಷ್ಯರು ನೆರಳಿನಂತೆ ಇದ್ದಾರೆ, ಇಲ್ಲದಂತೆಯೂ ಇದ್ದಾರೆ. ಬೆಲೆ ಇನ್ನೂರು ಗಿನಿ. ರಸ್ಕಿನ್ ಆಗ ಇಂಗ್ಲೆಂಡಿನ ಕೂಲಿಕಾರರಿಗೆಂದು ಒಂದು ಪತ್ರಮಾಲೆಯನ್ನು ಪ್ರಕಟಿಸುತ್ತಿದ್ದ. ಜುಲೈ ತಿಂಗಳ ಪತ್ರದಲ್ಲಿ, ಬಣ್ಣದ ಕುಡಿಕೆಯನ್ನು ಜನರ ಮುಖಕ್ಕೆ ಎರಚಿ ಇನ್ನೂರು ಗಿನಿ ಕೇಳುವ ಧಾರ್ಷ್ಟ್ಯವನ್ನು ತಾನು ಎಂದೂ ಕಂಡಿರಲಿಲ್ಲ ಎಂಬರ್ಥದ ಮಾತು ಬರೆದ. ನೂರಾರು ಪತ್ರಪುಟಗಳ ನಡುವೆ ಅದು ಒಂದೆರಡು ವಾಕ್ಯ, ಅಷ್ಟೆ. ವಿಸ್ಲರ್ ಮಾನನಷ್ಟದ ದಾವೆ ಹೂಡಿ ಒಂದು ಸಾವಿರ ಪೌಂಡು ಪರಿಹಾರ ಕೇಳಿದ.

ಮೊಕದ್ದಮೆ ೧೮೭೮ನೆಯ ನವೆಂಬರ್ ೨೫ ಮತ್ತು ೨೬ರಂದು ನಡೆಯಿತು. ರಸ್ಕಿನ್ ಕಾಯಿಲೆಯಾಗಿದ್ದುದರಿಂದ ಬರಲಿಲ್ಲ. ಅವನ ಪರವಾಗಿ ನಿಂತವನು ಸರ್ಕಾರದ ಅಟಾರ್ನಿ ಜನರಲ್ ಸರ್ ಜಾನ್ ಹೋಕರ್. ಈ ಚಿತ್ರವನ್ನು ಬರೆಯಲು ಎಷ್ಟು ಕಾಲ ಹಿಡಿಯಿತು ಎಂದು ಅವನು ಕೇಳಿದ. ಎರಡು ದಿನವಿರಬಹುದು, ಒಂದು ದಿನ ಬರೆಯುವುದಕ್ಕೆ, ಒಂದು ದಿನ ಮುಗಿಸುವುದಕ್ಕೆ ಎಂದ ವಿಸ್ಲರ್. ಹಾಗಾದರೆ ಎರಡು ದಿನದ ದುಡಿಮೆಗೆ ಇನ್ನೂರು ಗಿನಿಯೋ? ಅಲ್ಲ, ಒಂದು ಜೀವಮಾನದಲ್ಲಿ ಕೂಡಿಸಿದ ತಿಳಿವಳಿಕೆಗೆ, ಎಂದು ವಿಸ್ಲರನ ಉತ್ತರ. ಸಭಿಕರು ಚಪ್ಪಾಳೆ ತಟ್ಟಿದರಂತೆ.

ಆ ಚಪ್ಪಾಳೆ ಕೇಳಿಸಿದಾಗಲೆಲ್ಲ ನನಗೆ ಆ ಒಂದೂವರೆ ಪುಟ ನೆನಪಾಗುತ್ತದೆ. ಆದರೆ ಹೋಕರನನ್ನು ಮೂರ್ಖನೆಂದು ತಳ್ಳಿಹಾಕುವುದಕ್ಕೂ ಮನಸ್ಸು ಬಾರದು. ಅವನು ಕೇಳಿದ್ದು ಯಾವ ಮೇಷ್ಟರಾದರೂ ಕೇಳುವ ಪ್ರಶ್ನೆ: ಈ ಚಿಕ್ಕ ಉತ್ತರದ ಹಿಂದೆ ಓದಿದೆಯೋ, ಸೋಮಾರಿತನವಿದೆಯೋ? ಕಾಗದದ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ.

ರಸ್ಕಿನ್ನನ ಪರವಾಗಿ ಸಾಕ್ಷಿ ಹೇಳಿದವರಲ್ಲಿ ಬರ್ನ್-ಜೋನ್ಸ್ ಎಂಬ ಹೆಸರಾಂತ ಚಿತ್ರಕಾರನಿದ್ದ. ವಿಸ್ಲರನ ಬಣ್ಣದ ಹದವನ್ನು ಅವನು ಒಪ್ಪಿಕೊಂಡ. ಕೆಲಸ ಮುಗಿದಿಲ್ಲ, ಇದು ಬರಿಯ ನಕ್ಷೆ ಎಂದ. ಮುಗಿದ ಚಿತ್ರ ಹೇಗಿರಬೇಕೆಂದು ಪಂಚರಿಗೆ ತೋರಿಸಲು ರಸ್ಕಿನ್ನನ ಸ್ವಂತ ಸಂಗ್ರಹದಿಂದ ಒಂದು ಪಟವನ್ನು ತಂದಿದ್ದರು. ವೆನಿಸ್ಸಿನ ಅಧಿಪತಿ ಆಂದ್ರಿಯಾ ಗ್ರಿತ್ತಿಯ ಭಾವಚಿತ್ರ, ಬರೆದವನು ಮಹಾಚಿತ್ರಕಾರ ಟಿಷನ್ ಎಂದು ಆಗಿನ ನಂಬಿಕೆ. ಈಗ ಅದು ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ, ಟಿಷನ್ನನ ಹೆಸರಿನಲ್ಲಲ್ಲ, ಕಟೇನ ಎಂಬ ಇನ್ನೊಬ್ಬನ ಹೆಸರಿನಲ್ಲಿ. ಮಾದರಿ ಉತ್ತರದ ಮೇಲೆಯೇ ರಿಜಿಸ್ಟರ್ ನಂಬರು ತಪ್ಪಿತ್ತು!

ಪಂಚರು ವಿಸ್ಲರನೇ ಗೆದ್ದನೆಂದರು. ಪರಿಹಾರ ಮಾತ್ರ ಒಂದು ಫಾರ್ದಿಂಗ್. ಅಂದರೆ ಪೆನ್ನಿಯಲ್ಲಿ ಕಾಲು ಭಾಗ, ಒಂಬೈನೂರ ಅರವತ್ತು ಸೇರಿದರೆ ಒಂದು ಪೌಂಡು. ಕೋರ್ಟು ಖರ್ಚು ಅವರವರದೇ. ಪಾಸು ಮಾಡಿದ್ದೇವೆ, ಆದರೆ ಮಾರ್ಕು ಕೇಳಬೇಡ ಎಂದಂತಾಯಿತು. ರಸ್ಕಿನ್ನನ ಖರ್ಚನ್ನು ಅಭಿಮಾನಿಗಳು ಚಂದಾ ಎತ್ತಿ ಕೊಟ್ಟರು. ವಿಸ್ಲರ್ ೧೮೭೯ರಲ್ಲಿ ದಿವಾಳಿಯಾಗಿ, ಆಗತಾನೇ ಕಟ್ಟಿಸಿದ್ದ ಮನೆಯನ್ನು ಕಳೆದುಕೊಂಡು ವೆನಿಸ್ಸಿಗೆ ಹೋದ. ಅದೇ ವರ್ಷ ರಸ್ಕಿನ್ ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಪದವಿಗೆ ರಾಜೀನಾಮೆ ಕೊಟ್ಟ. ಆ ಬಾಣಬಿರುಸಿನ ಪಟ ೧೯೪೬ರಿಂದ ಅಮೆರಿಕದ ಡೆಟ್ರಾಯಿಟ್ ನಗರದ ಕಲಾಶಾಲೆಯಲ್ಲಿದೆ. ಇಂದು ಅದನ್ನು ಕೊಳ್ಳುವೆನೆಂದರೆ ಇನ್ನೂರು ಗಿನಿಗೆ ಅದರ ಚೌಕಟ್ಟೂ ಸಿಕ್ಕಲಾರದು.

ವಿಸ್ಲರನ ಭಾಷಣ ಬಂದದ್ದು ಇಷ್ಟೆಲ್ಲ ಆದಮೇಲೆ, ೧೮೮೫ನೆಯ ಫೆಬ್ರವರಿ ೨೦ರಂದು. ದೊಡ್ಡ ಮನುಷ್ಯರು ಅವಸರವಿಲ್ಲದೆ ಊಟ ಮುಗಿಸಿಕೊಂಡು ಬರಲೆಂದು ರಾತ್ರಿ ಹತ್ತು ಗಂಟೆಗೆ ಇಟ್ಟುಕೊಂಡ ಭಾಷಣ. ಅದರ ಹೆಸರೂ 'ಹತ್ತು ಗಂಟೆ' ಎಂದೇ. ಕಲೆ ನೀತಿ ಬೋಧಿಸಲು ಹುಟ್ಟಿದ್ದಲ್ಲ, ಬೆವರಿನ ಗುರುತು ಕಂಡರೆ ಅದು ಹಿರಿಮೆಯಲ್ಲ, ಚಿತ್ರ ಬರೆಯದವರು ಚಿತ್ರಕ್ಕೆ ತೀರ್ಪು ಕೊಡಬಾರದು ಎಂಬುದು ಅದರ ಸಾರಾಂಶ. ರಸ್ಕಿನ್ನನ ಪತ್ರಕ್ಕೆ ಅದು ಏಳೂವರೆ ವರ್ಷ ತಡವಾಗಿ ಬಂದ ಉತ್ತರವೆನ್ನಬಹುದು. ನನ್ನ ಹನ್ನೆರಡು ಪುಟದ ಹುಡುಗ ಇಸವಿಗಳನ್ನು ಬರೆದಿದ್ದನೇ ಹೊರತು, ಅವುಗಳ ನಡುವಣ ಈ ದೂರವನ್ನು ಗಮನಿಸಿರಲಿಲ್ಲ. ಹುಡುಗಿ ಒಂದು ಇಸವಿಯನ್ನೂ ಬರೆದಿರಲಿಲ್ಲ.

ಭಾಷಣವಾದ ಮೂರೇ ವರ್ಷಕ್ಕೆ, ೧೮೮೮ರಲ್ಲಿ, ಅದೇ ಲಂಡನ್ನಿನಲ್ಲಿ ಎಜ್‌ವರ್ತ್ ಎಂಬ ಅರ್ಥಶಾಸ್ತ್ರಜ್ಞ ಮಾರ್ಕಿನ ಮೇಲೆಯೇ ಕೈಯಿಟ್ಟ. ಆಗ ಪರೀಕ್ಷೆಗಳ ಕಾಲ. ಇಂಡಿಯದ ಸಿವಿಲ್ ಸರ್ವಿಸ್ ಕೆಲಸಗಳು ೧೮೫೫ರಿಂದ ಸ್ಪರ್ಧಾ ಪರೀಕ್ಷೆಯಿಂದ ತುಂಬುತ್ತಿದ್ದುವು. ಲಂಡನ್ನಿನ ಮಾದರಿಯಲ್ಲಿ ೧೮೫೭ರಲ್ಲಿ ಹುಟ್ಟಿದ ಮದರಾಸು ವಿಶ್ವವಿದ್ಯಾನಿಲಯವೂ ಮೊದಮೊದಲು ಪರೀಕ್ಷೆ ನಡೆಸುವ ಸಂಸ್ಥೆಯೇ. ೧೯೧೬ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೆ ಇಲ್ಲಿನ ಕಾಲೇಜಿನ ಹುಡುಗರ ಹಣೆಬರಹವನ್ನೂ ಬರೆಯುತ್ತಿದ್ದದ್ದು ಅದೇ. ಎಜ್‌ವರ್ತ್ ಹೇಳಿದ್ದು ಇಷ್ಟು: ಖಗೋಳಶಾಸ್ತ್ರಜ್ಞರು ಒಂದೇ ನಕ್ಷತ್ರವನ್ನು ಹತ್ತು ಸಲ ಅಳೆದರೆ ಹತ್ತು ಅಳತೆ ಬರುತ್ತದೆ, ಅವರು ಸರಾಸರಿ ತೆಗೆಯುತ್ತಾರೆ, ಪರೀಕ್ಷಕನ ಮಾರ್ಕೂ ಅಂಥ ಒಂದು ಅಳತೆ, ಅದರಲ್ಲೂ ತಪ್ಪು ಸೇರಿರುತ್ತದೆ. ಲ್ಯಾಟಿನ್ ಗದ್ಯದ ಒಂದು ಉತ್ತರವನ್ನು ೨೮ ಪರೀಕ್ಷಕರು ತಿದ್ದಿದಾಗ, ನೂರಕ್ಕೆ ೪೫ರಿಂದ ೧೦೦ರವರೆಗೆ ಮಾರ್ಕು ಬಿತ್ತು.

ಅಮೆರಿಕದಲ್ಲಿ ಸ್ಟಾರ್ಚ್, ಎಲಿಯಟ್ ಎಂಬಿಬ್ಬರು ೧೯೧೨ರಲ್ಲಿ ಇಂಗ್ಲಿಷಿನ ಎರಡು ಉತ್ತರಪತ್ರಿಕೆಗಳನ್ನು ಅಚ್ಚುಮಾಡಿ ಶಾಲೆಶಾಲೆಗೆ ಕಳುಹಿಸಿದರು. ೧೪೨ ಮಂದಿ ತಿದ್ದಿದರು. ಒಂದಕ್ಕೆ ೬೪ರಿಂದ ೯೮, ಇನ್ನೊಂದಕ್ಕೆ ೫೦ರಿಂದ ೯೭. ಭಾಷೆಯೆಂದರೆ ಹಾಗೆಯೇ ಎಂದು ಜನ ನಕ್ಕರು. ಮರುವರ್ಷ ರೇಖಾಗಣಿತದ ಉತ್ತರವನ್ನು ಕಳುಹಿಸಿದರು. ೨೮ರಿಂದ ೯೨! ನಕ್ಕವರು ಸುಮ್ಮನಾದರು.

ಇವೆಲ್ಲ ಒಬ್ಬ ಪರೀಕ್ಷಕನಿಗೂ ಇನ್ನೊಬ್ಬನಿಗೂ ಇರುವ ಅಂತರ. ನನ್ನ ಕಾಯಿಲೆ ಬೇರೆ. ರಾತ್ರಿಯ ನನಗೂ ಬೆಳಗಿನ ನನಗೂ ಇದ್ದ ಅಂತರ. ಅದನ್ನು ಅಳೆದವನು ಸರ್ ಫಿಲಿಪ್ ಹಾರ್ಟಾಗ್. ಈತ ಢಾಕಾ ವಿಶ್ವವಿದ್ಯಾನಿಲಯದ ಮೊದಲ ವೈಸ್ ಚಾನ್ಸಲರ್. ಅದಕ್ಕೆ ಮುಂಚೆ ಕಲ್ಕತ್ತ ವಿಶ್ವವಿದ್ಯಾನಿಲಯದ ಆಯೋಗದಲ್ಲಿದ್ದು ಈ ದೇಶದ ಪರೀಕ್ಷೆಗಳನ್ನು ಹತ್ತಿರದಿಂದ ನೋಡಿದವನು. ಇವನೂ ರೋಡ್ಸ್ ಎಂಬ ಸಂಖ್ಯಾಶಾಸ್ತ್ರಜ್ಞನೂ ಸೇರಿ ೧೯೩೫ರಲ್ಲಿ ಒಂದು ವರದಿ ಪ್ರಕಟಿಸಿದರು. ಮೊದಲ ಪರೀಕ್ಷೆಯಲ್ಲಿ ಒಂದೇ ಮಧ್ಯಮ ಮಾರ್ಕು ಪಡೆದಿದ್ದ ಹದಿನೈದು ಇತಿಹಾಸದ ಉತ್ತರಪತ್ರಿಕೆಗಳನ್ನು ಅನುಭವಸ್ಥ ಪರೀಕ್ಷಕರ ಕೈಗೆ ಕೊಟ್ಟರು. ಒಂದು ವರ್ಷದ ಮೇಲೆ, ಅವೇ ಪತ್ರಿಕೆಗಳನ್ನು ಅವರಲ್ಲಿ ಹದಿನಾಲ್ಕು ಮಂದಿಗೆ ಮತ್ತೆ ಕೊಟ್ಟರು. ಒಟ್ಟು ೨೧೦ ತೀರ್ಪುಗಳು. ಅವುಗಳಲ್ಲಿ ೯೨ ತಿರುಗಿಬಿದ್ದಿದ್ದುವು. ಫೇಲಾದವನು ಪಾಸು, ಪಾಸಾದವನು ಫೇಲು, ಸಾಧಾರಣದವನು ಮೇಲ್ದರ್ಜೆ, ಹೀಗೆ. ಬರೆದ ಹುಡುಗರು ಅಷ್ಟರಲ್ಲಿ ಎಲ್ಲೆಲ್ಲಿಗೋ ಹೋಗಿದ್ದರು.

ಅಮೆರಿಕದ ಡೀಡರಿಕ್ ಮತ್ತು ಅವನ ಜೊತೆಗಾರರ ೧೯೬೧ರ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮುನ್ನೂರು ಪ್ರಬಂಧಗಳು, ೫೩ ಓದುಗರು. ಅವರಲ್ಲಿ ಮೇಷ್ಟರುಗಳಲ್ಲದೆ ವಕೀಲರು, ಲೇಖಕರು, ಸಂಪಾದಕರು, ವ್ಯಾಪಾರದವರೂ ಇದ್ದರು. ಒಂಬತ್ತು ದರ್ಜೆಗಳಲ್ಲಿ ವಿಂಗಡಿಸಬೇಕು. ಮೂರರಲ್ಲೊಂದು ಪಾಲಿನಷ್ಟು ಪ್ರಬಂಧಗಳು ಒಂಬತ್ತು ದರ್ಜೆಗಳಿಗೂ ಬಿದ್ದುವು. ಯಾರೋ ಒಬ್ಬರಿಗೆ ಅತ್ಯುತ್ತಮ, ಇನ್ನೊಬ್ಬರಿಗೆ ತೀರ ಕಳಪೆ. ಯಾಕೆ ಹೀಗೆ ಎಂದು ಕೆದಕಿದಾಗ ಓದುಗರ ಪಂಗಡಗಳು ಕಂಡುವು. ಕೆಲವರು ವಿಚಾರಕ್ಕೆ ಮಾರ್ಕು ಕೊಡುತ್ತಿದ್ದರು, ಕೆಲವರು ಕಾಗುಣಿತ ವ್ಯಾಕರಣಗಳಿಗೆ, ಕೆಲವರು ಅಡಕಕ್ಕೆ, ಕೆಲವರು ಪದಗಳ ಆಯ್ಕೆಗೆ, ಮತ್ತೆ ಕೆಲವರು ಬರೆದವರ ವ್ಯಕ್ತಿತ್ವದ ವಾಸನೆಗೆ. ಒಬ್ಬೊಬ್ಬರೂ ತಾವು ಅಳೆಯುತ್ತಿರುವುದು ಪ್ರಬಂಧವನ್ನೇ ಎಂದು ನಂಬಿದ್ದರು. ರಸ್ಕಿನ್ನನೂ ವಿಸ್ಲರನೂ ಹಾಗೆಯೇ ನಂಬಿದ್ದರಲ್ಲವೆ, ಒಂದೇ ಪಟದ ಮುಂದೆ ನಿಂತು?

ಮದ್ದು ಎಂದು ಹೇಳಿದವರೂ ಉಂಟು. ಇಂಗ್ಲೆಂಡಿನಲ್ಲಿ ವೈಸ್‌ಮನ್ ಎಂಬವನು ೧೯೪೯ರಲ್ಲಿ, ಒಬ್ಬ ಪರೀಕ್ಷಕ ಅಳೆದು ತೂಗಿ ಕೂಡುವುದಕ್ಕಿಂತ ನಾಲ್ವರು ಬೇಗಬೇಗ ಓದಿ ತಂತಮ್ಮ ಅಭಿಪ್ರಾಯದಂತೆ ಕೊಟ್ಟ ಮಾರ್ಕುಗಳನ್ನು ಕೂಡಿಸುವುದು ವಾಸಿ ಎಂದು ತೋರಿಸಿದ. ನಾಲ್ವರೂ ಒಂದೇ ಮನಸ್ಸಿನವರಾಗಿರಬೇಕಾಗಿಲ್ಲ, ಆಗಿರದಿದ್ದರೇ ಒಳ್ಳೆಯದು. ನಾಲ್ವರಿಗೆ ಸಂಭಾವನೆ ಕೊಡುವವರು ಯಾರು ಎಂಬುದೊಂದೇ ಅಡ್ಡಿ.

ನನಗೆ ಸಿಕ್ಕಿದ್ದು ಒಬ್ಬರೇ. ಪಕ್ಕದ ಕೋಣೆಯಲ್ಲಿ ಪಾಠ ಹೇಳುತ್ತಿದ್ದ ಹಿರಿಯರು. ಎರಡು ಉತ್ತರಗಳ ಮೇಲಿನ ಮಾರ್ಕುಗಳಿಗೆ ಕಾಗದದ ಚೂರು ಅಂಟಿಸಿ ಅವರ ಮೇಜಿನ ಮೇಲೆ ಇಟ್ಟೆ. ಸಂಜೆ ಹಿಂದಕ್ಕೆ ಬಂದುವು. ಹುಡುಗನಿಗೆ ಹನ್ನೆರಡು, ಹುಡುಗಿಗೆ ಹದಿಮೂರು. "ಹುಡುಗ ಓದಿದಾನೆ ಕಣಯ್ಯ, ಇವಳು ಯೋಚನೆ ಮಾಡಿದಾಳೆ. ಇಬ್ಬರನ್ನೂ ಒಂದೇ ತಕ್ಕಡೀಲಿ ಯಾಕೆ ಹಾಕ್ತೀಯ?" ಎಂದರು. ತಕ್ಕಡಿ ನನ್ನದಲ್ಲ, ಪರೀಕ್ಷೆಯದು ಎಂದೆ. ಹುಡುಗನಿಗೆ ಹದಿಮೂರು, ಹುಡುಗಿಗೆ ನನ್ನ ಬೆಳಗಿನ ಹದಿನೈದನ್ನೂ ಅವರ ಹದಿಮೂರನ್ನೂ ಕೂಡಿಸಿ ಹದಿನಾಲ್ಕು ಎಂದು ಬರೆದೆ. ರಾತ್ರಿಯ ಎಂಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಬೇಕಾಗಿತ್ತೋ ಏನೋ, ಎಜ್‌ವರ್ತ್ ಇದ್ದಿದ್ದರೆ ಬಿಡುತ್ತಿರಲಿಲ್ಲ.

ಉತ್ತರಪತ್ರಿಕೆ ಹಿಂದಕ್ಕೆ ಕೊಟ್ಟ ದಿನ ಆ ಹುಡುಗಿ ತರಗತಿಯಾದಮೇಲೆ ಬಂದಳು. ಹೊಡೆದು ಹಾಕಿದ್ದ ಎಂಟು ಕೆಂಪು ಗೆರೆಯ ಕೆಳಗೆ ಸ್ಪಷ್ಟವಾಗಿಯೇ ಕಾಣುತ್ತಿತ್ತು.

"ಸಾರ್, ಈ ಎಂಟು ಯಾರು ಕೊಟ್ಟದ್ದು?"

"ನಾನೇ, ಕಣಮ್ಮ."

"ಹದಿನಾಲ್ಕು?"

"ಅದರಲ್ಲೂ ಅರ್ಧ ನಾನೇ."

ಅವಳು ನಗಲಿಲ್ಲ. ಸ್ವಲ್ಪ ಹೊತ್ತು 'ಸಾಲದು' ಎಂಬ ಮಾತನ್ನು ನೋಡುತ್ತಿದ್ದು, ಇನ್ನೂ ಎಷ್ಟು ಬರೆಯಬೇಕಾಗಿತ್ತು ಎಂದು ಕೇಳಿದಳು. ರಸ್ಕಿನ್ನನ ಪತ್ರಕ್ಕೂ ವಿಸ್ಲರನ ಭಾಷಣಕ್ಕೂ ನಡುವೆ ಏಳೂವರೆ ವರ್ಷವಿದೆ, ಅಷ್ಟರಲ್ಲಿ ಏನೇನಾಯಿತು ನೋಡಿಕೊಂಡು ಬಾ ಎಂದೆ. ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಲೈಬ್ರರಿಯ ಕಡೆಗೆ ಹೋದಳು.