ವಯಸ್ಕರಲ್ಲಿ ಆಟಿಸಂ, ಎಡಿಎಚ್‌ಡಿ: ತಪಾಸಣೆಯ ದಾರಿ

ಆಟಿಸಂ ಹಾಗೂ ಎಡಿಎಚ್‌ಡಿ ಮಕ್ಕಳಿಗಷ್ಟೇ ಸಂಬಂಧಿಸಿದವು ಎಂಬ ಭಾವನೆ ಬಹುಕಾಲ ಬೇರೂರಿತ್ತು. ಆದರೆ ಈ ಮಕ್ಕಳೂ ದೊಡ್ಡವರಾಗುತ್ತಾರೆ. ರಾಮದುರ್ಗದಂತಹ ಊರುಗಳಲ್ಲಿ 'ಮಳ್ಳ', 'ಸೋಮಾರಿ', 'ಯಾರೊಂದಿಗೂ ಬೆರೆಯದವ' ಎಂಬ ಮಾತುಗಳನ್ನು ಕೇಳಿಯೇ ಬೆಳೆದ ಅನೇಕರು ನಡುವಯಸ್ಸಿನಲ್ಲಿ, ಕೆಲಸ ಕೈತಪ್ಪಿದಾಗಲೋ ಸಂಸಾರದಲ್ಲಿ ಬಿರುಕು ಮೂಡಿದಾಗಲೋ, ಖಿನ್ನತೆಗೆಂದು ವೈದ್ಯರ ಬಳಿ ಬರುತ್ತಾರೆ. ಖಿನ್ನತೆಗೆ ಔಷಧ ದೊರೆಯುತ್ತದೆ. ಅದರ ಮೂಲ ಮಾತ್ರ ಗುರುತಾಗದೆ ಉಳಿಯಬಹುದು.

1990ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಜೂಡಿ ಸಿಂಗರ್ ಮೊದಲಾದವರ ಬರಹಗಳಿಂದ 'ನರವೈವಿಧ್ಯ' ಎಂಬ ಪರಿಕಲ್ಪನೆ ಬಳಕೆಗೆ ಬಂದಿತು. ಮಿದುಳು ಕೆಲಸ ಮಾಡುವ ರೀತಿ ಎಲ್ಲರಲ್ಲೂ ಒಂದೇ ಆಗಿರುವುದಿಲ್ಲ ಎಂಬುದು ಇದರ ತಿರುಳು. ಇದನ್ನು ಒಪ್ಪಿದ ಮನಶ್ಶಾಸ್ತ್ರಜ್ಞರು ವ್ಯಕ್ತಿಯನ್ನು 'ಸರಿಪಡಿಸಲು' ಹೊರಡುವುದಿಲ್ಲ. ಮಗ್ಗದ ಸದ್ದು ಸಹಿಸಲಾಗದ ನೇಕಾರನಿಗೆ ಸಹಿಸಿಕೋ ಎನ್ನುವ ಬದಲು ಕಿವಿಗೆ ರಕ್ಷಣೆ, ಕೆಲಸದ ನಡುವೆ ಬಿಡುವು, ಮನೆಯವರಿಗೆ ತಿಳಿವಳಿಕೆ ಇವುಗಳತ್ತ ಗಮನ ಹರಿಸುತ್ತಾರೆ. ಹಾಗೆಂದು ಕಷ್ಟವೇ ಇಲ್ಲವೆಂದು ಅವರು ಹೇಳುವುದಿಲ್ಲ. ಎಡಿಎಚ್‌ಡಿಗೆ ಔಷಧಗಳಿದ್ದು, ಅವನ್ನು ಮನೋವೈದ್ಯರು ಬರೆದುಕೊಡಬೇಕು. ಆಟಿಸಂನ ಮೂಲ ಲಕ್ಷಣಗಳನ್ನು ಹೋಗಲಾಡಿಸುವ ಔಷಧವಿಲ್ಲ.

ರಕ್ತಪರೀಕ್ಷೆಯಿಂದಾಗಲಿ ಸ್ಕ್ಯಾನಿಂಗ್‌ನಿಂದಾಗಲಿ ಇವು ತಿಳಿಯುವುದಿಲ್ಲ. ದೀರ್ಘ ಸಂದರ್ಶನವೇ ತಪಾಸಣೆಯ ಜೀವಾಳ. 2013ರ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಎಡಿಎಚ್‌ಡಿಯ ಹಲವು ಲಕ್ಷಣಗಳು 12 ವರ್ಷಕ್ಕೆ ಮುನ್ನವೇ ಕಂಡಿರಬೇಕು. 17 ತುಂಬಿದವರಲ್ಲಿ ಗಮನದ ಕೊರತೆ ಅಥವಾ ಅತಿಚಟುವಟಿಕೆಯ ಕನಿಷ್ಠ 5 ಲಕ್ಷಣಗಳಿರಬೇಕು. ಆದಕಾರಣ ತಾಯಿಯೋ ಅಕ್ಕನೋ ಜೊತೆಗೆ ಬಂದರೆ ಬಹಳ ಅನುಕೂಲ. ಶಾಲೆಯ ಹಳೆಯ ಅಂಕಪಟ್ಟಿಯೂ ನೆರವಾದೀತು. ಥೈರಾಯ್ಡ್ ದೋಷ, ನಿದ್ರಾಹೀನತೆ, ಆತಂಕ, ಮದ್ಯಪಾನ ಇವೂ ಇದೇ ಬಗೆಯ ತೊಂದರೆ ಕೊಡಬಲ್ಲವು. ಇಂಟರ್‌ನೆಟ್ಟಿನ ಐದು ನಿಮಿಷದ ಪ್ರಶ್ನಾವಳಿಯನ್ನು ನಂಬಿ ಕೂರುವುದು ಜಾಣತನವಲ್ಲ. ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ರೋಗಿಗಳನ್ನು ನೋಡುವ 'ಮನೋಚೈತನ್ಯ' ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತು. ವಿವರವಾದ ತಪಾಸಣೆಗೆ ರಾಮದುರ್ಗದವರು ಸವದತ್ತಿ ಮಾರ್ಗವಾಗಿ ಧಾರವಾಡದ ಡಿಮ್ಹಾನ್ಸ್‌ಗೆ ಹೋಗಬಹುದು. ಅದಕ್ಕೂ ಮೀರಿದ್ದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದೆ. 2022ರಿಂದ ನಡೆಯುತ್ತಿರುವ ಟೆಲಿ-ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ.

ಪ್ರಮಾಣಪತ್ರದ ವಿಷಯ ಕೊಂಚ ಜಟಿಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ, ಎಡಿಎಚ್‌ಡಿ ಇಲ್ಲ. ಸರ್ಕಾರಿ ನೌಕರಿಯ ಮೀಸಲಾತಿಗೆ ಶೇ. 40ರಷ್ಟು ನ್ಯೂನತೆ ದೃಢಪಡಬೇಕು. ಚೆನ್ನಾಗಿ ಮಾತನಾಡಬಲ್ಲ, ಓದು ಮುಗಿಸಿದ ಆಟಿಸಂ ವ್ಯಕ್ತಿಗೆ ಈ ಗೆರೆ ಮುಟ್ಟುವುದು ಕಷ್ಟವಾಗಬಹುದು.