ಕಡಲತಡಿಯಲ್ಲಿ ಕ್ಯಾಮೆರಾ ಲೆನ್ಸ್: ಮರುಮಾರಾಟದಲ್ಲಿ ಬೆಲೆ ಉಳಿಯುವುದು ಯಾವುದಕ್ಕೆ?

ಕಾರವಾರದ ಸ್ಟುಡಿಯೋವೊಂದರ ಹಳೆಯ ಲೆನ್ಸ್ ಮಾರಾಟಕ್ಕೆಂದು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದರೆ, ಅನುಭವಿ ವ್ಯಾಪಾರಿ ಮೊದಲು ನೋಡುವುದು ಅದರ ಮೇಲಿನ ಕಂಪನಿಯ ಹೆಸರನ್ನಲ್ಲ. ಎರಡೂ ತುದಿಯ ಮುಚ್ಚಳ ತೆಗೆದು, ಒಂದು ಬದಿಯಿಂದ ಟಾರ್ಚ್ ಬೆಳಕು ಹಾಯಿಸಿ, ಇನ್ನೊಂದು ಬದಿಯಿಂದ ಒಳಗೆ ಇಣುಕುತ್ತಾನೆ. ಗಾಜಿನೊಳಗೆ ಜೇಡರ ಬಲೆಯ ಎಳೆಗಳಂತಹ ಬಿಳಿಯ ಗೆರೆಗಳು ಕಂಡರೆ ಮಾತಿನ ಧಾಟಿಯೇ ಬದಲಾಗುತ್ತದೆ. ಅದು ಬೂಷ್ಟು, ವ್ಯಾಪಾರದ ಭಾಷೆಯಲ್ಲಿ ‘ಫಂಗಸ್’. ಕರಾವಳಿಯ ಛಾಯಾಗ್ರಾಹಕರ ಬಂಡವಾಳವನ್ನು ಸದ್ದಿಲ್ಲದೆ ತಿನ್ನುವ ಶತ್ರು.

ಕ್ಯಾಮೆರಾ ಹಳತಾಗುತ್ತದೆ, ಲೆನ್ಸ್ ಹಳತಾಗುವುದಿಲ್ಲ ಎಂಬ ನಂಬಿಕೆ ಛಾಯಾಗ್ರಹಣ ವಲಯದಲ್ಲಿ ಬಹುಕಾಲದಿಂದ ಇದೆ. ಇದರಲ್ಲಿ ಸತ್ಯಾಂಶವೂ ಇದೆ. ಡಿಜಿಟಲ್ ಕ್ಯಾಮೆರಾಗಳ ಹೊಸ ಮಾದರಿಗಳು ಕೆಲವೇ ವರ್ಷಗಳಿಗೊಮ್ಮೆ ಬಂದು ಹಳೆಯವುಗಳ ಬೆಲೆಯನ್ನು ಕೆಡವುತ್ತವೆ. ಆದರೆ ಕ್ಯಾನನ್ ಕಂಪನಿ 1990ರಲ್ಲಿ ಹೊರತಂದ 50 ಮಿ.ಮೀ. ಎಫ್/1.8 ಲೆನ್ಸ್‌ನ ಎರಡನೆಯ ಆವೃತ್ತಿಗೆ ಉತ್ತರಾಧಿಕಾರಿ ಬಂದದ್ದು 2015ರಲ್ಲಿ. ಇಪ್ಪತ್ತೈದು ವರ್ಷ ಒಂದೇ ವಿನ್ಯಾಸ! ಇಂತಹ ವಸ್ತುವಿಗೆ ಮರುಮಾರಾಟದಲ್ಲಿ ಒಳ್ಳೆಯ ಬೆಲೆ ಸಿಗುವುದು ಸಹಜವೇ. ಕಾರವಾರ, ಅಂಕೋಲಾಗಳಲ್ಲಿ ಮಾತ್ರ ಈ ನಂಬಿಕೆಯನ್ನು ಕಣ್ಣುಮುಚ್ಚಿ ಒಪ್ಪುವಂತಿಲ್ಲ.

ಯಾವ ಲೆನ್ಸ್, ಎಷ್ಟು ಬಾಳಿಕೆ?

ಕ್ಯಾಮೆರಾದೊಂದಿಗೇ ಬರುವ 18-55 ಮಿ.ಮೀ. ‘ಕಿಟ್’ ಲೆನ್ಸ್‌ಗೆ ಮರುಮಾರಾಟದಲ್ಲಿ ಬೆಲೆ ಇಲ್ಲವೆಂದೇ ಹೇಳಬೇಕು. ಕ್ಯಾಮೆರಾ ಕೊಂಡವರೆಲ್ಲರ ಬಳಿಯೂ ಅದು ಇರುವಾಗ ಹಣ ಕೊಟ್ಟು ಕೊಳ್ಳುವವರು ಯಾರು? 50 ಮಿ.ಮೀ. ಎಫ್/1.8ರ ಕಥೆ ಬೇರೆ. ಹೊಸದರ ಬೆಲೆಯೇ ಕಡಿಮೆಯಿರುವುದರಿಂದ ಮಾರುವಾಗ ಕಳೆದುಕೊಳ್ಳುವ ಮೊತ್ತವೂ ಅಲ್ಪ; ಕಲಿಯುವ ಹುಡುಗರು ಸದಾ ಹುಡುಕುವ ಲೆನ್ಸ್ ಅದು.

ಮದುವೆ ಛಾಯಾಗ್ರಹಣವನ್ನೇ ನಂಬಿದ ಸ್ಟುಡಿಯೋಗಳಿಗೆ 24-70 ಮತ್ತು 70-200 ಮಿ.ಮೀ.ಗಳ ಎಫ್/2.8 ಲೆನ್ಸ್‌ಗಳೇ ಆಸ್ತಿ. ಮಂದ ಬೆಳಕಿನ ಕಲ್ಯಾಣ ಮಂಟಪದಲ್ಲೂ, ರಾತ್ರಿಯ ಯಕ್ಷಗಾನ ರಂಗಸ್ಥಳದ ಎದುರೂ ಇವು ಕೈಕೊಡುವುದಿಲ್ಲ. ಬೇಡಿಕೆ ಸ್ಥಿರವಾಗಿರುವುದರಿಂದ ಬೆಲೆಯೂ ನಿಧಾನವಾಗಿ ಇಳಿಯುತ್ತದೆ. ಆದರೆ ಅದೇ ಲೆನ್ಸ್‌ನ ಹೊಸ ಆವೃತ್ತಿ ಬಂದರೆ ಹಳೆಯದು ಒಂದು ಮೆಟ್ಟಿಲು ಕೆಳಗಿಳಿಯಿತೆಂದೇ ಲೆಕ್ಕ. ಸಿಗ್ಮಾ, ಟ್ಯಾಮ್ರಾನ್‌ಗಳಂತಹ ಇತರ ತಯಾರಕರ ಲೆನ್ಸ್‌ಗಳು ಗುಣಮಟ್ಟದಲ್ಲಿ ಇಂದು ಹಿಂದೆ ಬಿದ್ದಿಲ್ಲವಾದರೂ ಮರುಮಾರಾಟದಲ್ಲಿ ಮೂಲ ಕಂಪನಿಯ ಲೆನ್ಸ್‌ಗಳಷ್ಟು ಬೆಲೆ ಪಡೆಯುವುದು ಅಪರೂಪ. ಎರಡನೆಯ ಕೈಯಿಂದ ಕೊಳ್ಳುವವರಿಗೆ ಇದು ಲಾಭವೇ.

ಕಾಳಿ ನದಿ ಕಡಲು ಸೇರುವ ಅಳಿವೆ, ದೇವಬಾಗ, ಮೇಲ್ಘಟ್ಟದ ಅಣಶಿ ಕಾಡುಗಳು ಹಕ್ಕಿ ಛಾಯಾಗ್ರಾಹಕರನ್ನು ಸೆಳೆಯುತ್ತವೆ. ಅವರ ಕೈಯಲ್ಲಿ ಕಾಣುವುದು 2015ರಲ್ಲಿ ಬಂದ ನಿಕಾನ್ 200-500 ಮಿ.ಮೀ., ಇಲ್ಲವೇ ಸಿಗ್ಮಾ, ಟ್ಯಾಮ್ರಾನ್‌ಗಳ 150-600 ಮಿ.ಮೀ. ತರಹದ ಲೆನ್ಸ್‌ಗಳು. ಇವು ಹವ್ಯಾಸಿಗಳ ನಡುವೆ ಕೈಬದಲಾಗುತ್ತಲೇ ಇರುತ್ತವೆ. ಅದೇ ಲಕ್ಷಗಟ್ಟಲೆ ಬೆಲೆಯ 500 ಮಿ.ಮೀ. ಎಫ್/4 ಲೆನ್ಸ್‌ಗೆ ಗಿರಾಕಿಗಳೇ ವಿರಳ. ಬೆಲೆ ಉಳಿಯಬಹುದು, ಆದರೆ ಮಾರಲು ತಿಂಗಳುಗಟ್ಟಲೆ ಕಾಯಬೇಕಾಗಬಹುದು.

ಮೌಂಟ್ ಎಂಬ ಹಣೆಬರಹ

ಲೆನ್ಸ್ ಕ್ಯಾಮೆರಾಕ್ಕೆ ಕೂರುವ ಬಳೆಗೆ ಮೌಂಟ್ ಎನ್ನುತ್ತಾರೆ. ಲೆನ್ಸ್‌ನ ಆಯುಸ್ಸನ್ನು ಗಾಜಿಗಿಂತ ಹೆಚ್ಚಾಗಿ ನಿರ್ಧರಿಸುವುದು ಇದೇ. ನಿಕಾನ್ 1959ರಲ್ಲಿ ತಂದ ಎಫ್ ಮೌಂಟ್ ಅನ್ನು ದಶಕಗಳ ಕಾಲ ಉಳಿಸಿಕೊಂಡಿತು. ಕ್ಯಾನನ್ 1987ರಲ್ಲಿ ಇಎಫ್ ಮೌಂಟ್ ತಂದಾಗ ತನ್ನದೇ ಹಳೆಯ ಎಫ್‌ಡಿ ಲೆನ್ಸ್‌ಗಳನ್ನು ಕೈಬಿಟ್ಟಿತು. 2018ರಲ್ಲಿ ನಿಕಾನ್ ಝಡ್, ಕ್ಯಾನನ್ ಆರ್‌ಎಫ್ ಎಂಬ ಹೊಸ ಮೌಂಟ್‌ಗಳು ಮಿರರ್‌ಲೆಸ್ ಕ್ಯಾಮೆರಾಗಳೊಂದಿಗೆ ಬಂದವು. ಅಂದಿನಿಂದ ಸ್ಟುಡಿಯೋಗಳು ಒಂದೊಂದಾಗಿ ಹೊಸ ವ್ಯವಸ್ಥೆಗೆ ಬದಲಾಗುತ್ತ, ಹಳೆಯ ಎಸ್‌ಎಲ್‌ಆರ್ ಲೆನ್ಸ್‌ಗಳನ್ನು ಮಾರುಕಟ್ಟೆಗೆ ತರುತ್ತಿವೆ. ಪೂರೈಕೆ ಹೆಚ್ಚಿದಲ್ಲಿ ಬೆಲೆ ಇಳಿಯದೆ ಇದ್ದೀತೆ?

ಇಲ್ಲೊಂದು ಸೂಕ್ಷ್ಮವಿದೆ. ಕ್ಯಾನನ್ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಮೂಲಕ ಹೊಸ ಕ್ಯಾಮೆರಾಗಳಲ್ಲಿ ಸ್ವಯಂಚಾಲಿತ ಫೋಕಸ್ ಸಹಿತ ಕೆಲಸ ಮಾಡುತ್ತವೆ. ನಿಕಾನ್‌ನ ಎಎಫ್-ಎಸ್ ಲೆನ್ಸ್‌ಗಳಿಗೂ ತೊಂದರೆಯಿಲ್ಲ. ಆದರೆ ಒಳಗೆ ಮೋಟಾರ್ ಇಲ್ಲದ ನಿಕಾನ್‌ನ ಹಳೆಯ ‘ಡಿ’ ಸರಣಿಯ ಲೆನ್ಸ್‌ಗಳಿಗೆ ಕಂಪನಿಯ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಸ್ವಯಂಚಾಲಿತ ಫೋಕಸ್ ದೊರೆಯುವುದಿಲ್ಲ. ಕೊಳ್ಳುವ ಮುನ್ನ ಈ ಒಂದಕ್ಷರವನ್ನು ಗಮನಿಸದವರು ಬಳಿಕ ಪರಿತಪಿಸಬೇಕಾದೀತು. ಇನ್ನು ಅನಾಥವಾದ ಮೌಂಟ್‌ಗಳಿವೆ: 2011ರಲ್ಲಿ ಬಂದು 2018ರಲ್ಲಿ ನಿಂತ ‘ನಿಕಾನ್ 1’, 2012ರಲ್ಲಿ ಆರಂಭವಾಗಿ 2023ರಲ್ಲಿ ಕೊನೆಗೊಂಡ ಕ್ಯಾನನ್ ಇಎಫ್-ಎಂ. ಇವುಗಳ ಲೆನ್ಸ್‌ಗಳು ಎಷ್ಟೇ ಹೊಳೆಯುತ್ತಿದ್ದರೂ ಗಿರಾಕಿಗಳ ವಲಯ ಕಿರಿದು.

ವಿಚಿತ್ರವೆಂದರೆ, ಇದೇ ಮಿರರ್‌ಲೆಸ್ ಕ್ಯಾಮೆರಾಗಳು ಸತ್ತಿದ್ದ ಕೆಲವು ಲೆನ್ಸ್‌ಗಳಿಗೆ ಮರುಜೀವ ನೀಡಿವೆ. ಕ್ಯಾನನ್ ಎಫ್‌ಡಿ, ಪೆಂಟಾಕ್ಸ್ ‘ಕೆ’, ರಷ್ಯಾದ ಹೀಲಿಯೋಸ್ ಮುಂತಾದ ಕೈಯಿಂದಲೇ ಫೋಕಸ್ ಮಾಡುವ ಹಳೆಯ ಲೆನ್ಸ್‌ಗಳನ್ನು ಅಗ್ಗದ ಅಡಾಪ್ಟರ್ ಹಾಕಿ ಬಳಸುವವರು ಹೆಚ್ಚಿದ್ದಾರೆ. ಫಿಲ್ಮ್ ಕಾಲದ ಸ್ಟುಡಿಯೋಗಳ ಕಪಾಟಿನಲ್ಲಿ ಇಂತಹವು ಇನ್ನೂ ಉಳಿದಿರಬಹುದು. ಆದರೆ ಕರಾವಳಿಯ ಕಪಾಟಿನಿಂದ ಅವು ಯಾವ ಸ್ಥಿತಿಯಲ್ಲಿ ಹೊರಬರುತ್ತವೆ ಎಂಬುದೇ ಪ್ರಶ್ನೆ.

ತೇವ, ಉಪ್ಪು, ಮರಳು

ಕಾರವಾರ ಭಾಗದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆ ಇರುತ್ತವೆ. ಸಾಪೇಕ್ಷ ಆರ್ದ್ರತೆ ಶೇ 60-65ನ್ನು ಮೀರಿ ದಿನಗಟ್ಟಲೆ ನಿಂತಾಗ, ಗಾಜಿನ ಮೇಲಿನ ದೂಳು ಹಾಗೂ ಬೆರಳಿನ ಜಿಡ್ಡನ್ನೇ ಆಹಾರವಾಗಿಸಿಕೊಂಡು ಅವು ಮೊಳೆಯುತ್ತವೆ. ಬೂಷ್ಟು ಸ್ರವಿಸುವ ಆಮ್ಲೀಯ ಪದಾರ್ಥ ಗಾಜಿನ ಮೇಲಿನ ಲೇಪನವನ್ನೂ, ಕೊನೆಗೆ ಗಾಜನ್ನೂ ಕೊರೆಯುತ್ತದೆ. ಆರಂಭದಲ್ಲೇ ಬಿಚ್ಚಿ ಒರೆಸಿದರೆ ಕುರುಹು ಉಳಿಯದಿರಬಹುದು. ತಡವಾದರೆ ಬೂಷ್ಟು ಹೋದರೂ ಗೆರೆ ಹೋಗುವುದಿಲ್ಲ. ಒಂದಕ್ಕೊಂದು ಅಂಟಿಸಿದ ಗಾಜುಗಳ ನಡುವೆ ಬೆಳೆದರಂತೂ ದುರಸ್ತಿಯ ಖರ್ಚು ಲೆನ್ಸ್‌ನ ಬೆಲೆಯನ್ನೇ ಮೀರಬಹುದು.

ಈ ನಷ್ಟದ ಗಾತ್ರವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. 40,000 ರೂಪಾಯಿಗೆ ಕೊಂಡ ಲೆನ್ಸ್ ನಾಲ್ಕು ವರ್ಷಗಳ ಬಳಿಕ 24,000ಕ್ಕೆ ಮಾರಾಟವಾದರೆ ವರ್ಷಕ್ಕೆ ತಗಲಿದ ವೆಚ್ಚ 4,000. ಬೂಷ್ಟು ಹಿಡಿದು 8,000ಕ್ಕೆ ಹೋದರೆ ಅದು ಎರಡು ಪಟ್ಟು. ನಡುವಿನ 16,000 ರೂಪಾಯಿಯಲ್ಲಿ ಸಣ್ಣದೊಂದು ವಿದ್ಯುತ್‌ಚಾಲಿತ ಒಣ ಕಪಾಟನ್ನೇ ಕೊಳ್ಳಬಹುದಿತ್ತು. ಒಂದೇ ಕಪಾಟು ಹಲವು ಲೆನ್ಸ್‌ಗಳನ್ನು ಕಾಯುತ್ತದೆ. ಒಳಗಿನ ಆರ್ದ್ರತೆ ಶೇ 40-50ರಷ್ಟಿದ್ದರೆ ಸಾಕು. ತೀರಾ ಒಣಗಿಸುವುದೂ ಒಳ್ಳೆಯದಲ್ಲ, ಒಳಗಿನ ಎಣ್ಣೆ, ರಬ್ಬರ್‌ಗಳಿಗೆ ಅದು ಹಿತವಲ್ಲ.

ಕಪಾಟು ಕೊಳ್ಳಲಾಗದವರಿಗೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಸಣ್ಣದೊಂದು ಆರ್ದ್ರತಾ ಮಾಪಕ ಸಾಕು. ಬಣ್ಣ ಬದಲಿಸಿದ ಸಿಲಿಕಾ ಜೆಲ್ ಅನ್ನು ಹದವಾಗಿ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಅಕ್ಕಿಯ ಡಬ್ಬಿಯಲ್ಲಿ ಹುದುಗಿಸಿಡುವ ರೂಢಿ ಮಾತ್ರ ಬೇಡ. ಅಕ್ಕಿಯ ಹುಡಿ ಲೆನ್ಸ್‌ನೊಳಗೆ ಸೇರಿ ಬೂಷ್ಟಿಗೆ ಊಟವಾದೀತು. ಚರ್ಮದ ಚೀಲವಂತೂ ತೇವದ ತವರು.

ಅಂಕೋಲಾಕ್ಕೆ ಇತಿಹಾಸದಲ್ಲಿ ಸ್ಥಾನ ದೊರಕಿಸಿದ್ದು 1930ರ ಉಪ್ಪಿನ ಸತ್ಯಾಗ್ರಹ. ಲೆನ್ಸ್‌ಗೆ ಮಾತ್ರ ಇಲ್ಲಿನ ಉಪ್ಪು ಶತ್ರುವೇ. ಕಡಲ ಗಾಳಿಯೊಂದಿಗೆ ಬರುವ ಉಪ್ಪು ಮೌಂಟ್‌ನ ತಿರುಪುಗಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕಿನ ತಿರುಪು ಕಂಡ ವ್ಯಾಪಾರಿ ಲೆನ್ಸ್ ಕಡಲ ಕಡೆಯದೆಂದು ಊಹಿಸಿ ಬೆಲೆ ಇಳಿಸುವುದು ಖಚಿತ. ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಚಿತ್ರ ತೆಗೆದ ದಿನವೇ ತುಸು ಒದ್ದೆ ಬಟ್ಟೆಯಿಂದ ಲೆನ್ಸ್‌ನ ಹೊರಮೈ ಒರೆಸಿ, ಒಣಗಿಸಿ ಇಡುವುದು ಕ್ಷೇಮ. ಜೂಮ್ ತಿರುಗಿಸುವಾಗ ಕರಕರ ಸದ್ದು ಬಂದರೆ ಮರಳು ಸೇರಿದೆ ಎಂದೇ ಅರ್ಥ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಮಾಧ್ಯಮ ಛಾಯಾಗ್ರಾಹಕರು ಸುರಿಮಳೆಯಲ್ಲೇ ದಿನಗಟ್ಟಲೆ ಕೆಲಸ ಮಾಡಬೇಕಾಯಿತು. ಮಳೆ-ದೂಳು ತಡೆಯುವ ರಬ್ಬರ್ ಪಟ್ಟಿಯುಳ್ಳ ಲೆನ್ಸ್‌ಗೆ ತೆರುವ ಹೆಚ್ಚಿನ ಬೆಲೆಯ ಅರ್ಥ ತಿಳಿಯುವುದು ಅಂತಹ ಹೊತ್ತಿನಲ್ಲಿ. ಆದರೂ ಒದ್ದೆಯಾದ ಚೀಲದಲ್ಲೇ ರಾತ್ರಿಯಿಡೀ ಬಿಟ್ಟರೆ ಯಾವ ಪಟ್ಟಿಯೂ ಕಾಯದು.

ಮಾರುವವರಿಗೆ, ಕೊಳ್ಳುವವರಿಗೆ

ತುಳಸಿ ಮದುವೆ ಮುಗಿಯುತ್ತಿದ್ದಂತೆ ಊರ ಮದುವೆಗಳ ಕಾಲ ಆರಂಭವಾಗುತ್ತದೆ. ಸ್ಟುಡಿಯೋಗಳು ಲೆನ್ಸ್ ಹುಡುಕುವುದು ಅದಕ್ಕೆ ತುಸು ಮುನ್ನ. ಮಾರುವ ಇರಾದೆಯಿದ್ದು ಒಣ ಕಪಾಟು ಇಲ್ಲದವರು ಇನ್ನೊಂದು ಮಳೆಗಾಲ ಕಾಯದೆ, ಮೇ ತಿಂಗಳೊಳಗೇ ಕೈಬಿಡುವುದು ಜಾಣತನ. ಬಿಲ್ಲು, ಭಾರತದ ವಾರಂಟಿ ಕಾರ್ಡು, ಮೂಲ ಪೆಟ್ಟಿಗೆ, ಹುಡ್ ಇದ್ದರೆ ಕೊಳ್ಳುವವರಿಗೆ ನಂಬಿಕೆ ಬರುತ್ತದೆ. ಬಿಲ್ಲಿನ ಕ್ರಮಸಂಖ್ಯೆಯೂ ಲೆನ್ಸ್ ಮೇಲಿನದೂ ಒಂದೇ ಆಗಿರಬೇಕು.

ಕೊಳ್ಳುವವರು ಟಾರ್ಚ್ ಪರೀಕ್ಷೆಯ ಜೊತೆಗೆ ತಮ್ಮದೇ ಕ್ಯಾಮೆರಾಕ್ಕೆ ಹಾಕಿ ಹತ್ತಾರು ಚಿತ್ರ ತೆಗೆದು ನೋಡಬೇಕು. ಮುಂದಿನ ಗಾಜಿನ ಮೇಲಿನ ಒಂದು ಸಣ್ಣ ಗೀರು ಚಿತ್ರದಲ್ಲಿ ಕಾಣುವುದೇ ಇಲ್ಲ. ಹಿಂದಿನ ಗಾಜಿನದು ಹೆಚ್ಚು ತೊಂದರೆ ಕೊಡುತ್ತದೆ. ಅಂಚಿನಲ್ಲಷ್ಟೇ ಬೂಷ್ಟಿನ ಎಳೆಯಿರುವ ಲೆನ್ಸ್ ಸಾಮಾನ್ಯ ಬೆಳಕಿನಲ್ಲಿ ಒಳ್ಳೆಯ ಚಿತ್ರವನ್ನೇ ಕೊಡಬಲ್ಲದು. ಕಾರವಾರದ ಸಂಜೆಯ ಸೂರ್ಯನಿಗೆ ಎದುರಾಗಿ ಹಿಡಿದಾಗ ಮಾತ್ರ ಚಿತ್ರಕ್ಕೆ ಮಸುಕು ಕವಿಯುತ್ತದೆ. ಮತ್ತೆ ಮಾರುವ ಯೋಚನೆಯಿಲ್ಲದವರು ಇಂತಹದನ್ನು, ದೋಷವನ್ನು ಮಾರುವವರೇ ಮುಂದಾಗಿ ತಿಳಿಸಿದ್ದರೆ, ಕಡಿಮೆ ಬೆಲೆಗೆ ಕೊಳ್ಳಲು ಅಡ್ಡಿಯಿಲ್ಲ.