ಬೀಫ್ ಚೀಸ್ ಸ್ಯಾಂಡ್‌ವಿಚ್ ಗಂಗಾವತಿಗೆ ಬಂದ್ರೆ

ರೀಲ್ಸ್‌ನಲ್ಲಿ ನೋಡಿರ್ತೀರಿ: ಬಿಸಿ ಬೀಫ್, ಮೇಲೆ ಕರಗಿ ಇಳಿಯೋ ಚೀಸ್, ಕೆಂಪಗೆ ಸುಟ್ಟ ಬ್ರೆಡ್. ಅದನ್ನ ಗಂಗಾವತಿಯ ಒಂದು ಮನೇಲಿ ಮಾಡೋಕೆ ಹೊರಟರೆ, ಒಲೆ ಹಚ್ಚೋ ಮೊದಲೇ ಇತಿಹಾಸ ಎದುರು ನಿಲ್ಲುತ್ತೆ.

ಮೊದಲು ಮಾಂಸ. ನಮ್ಮ ಆನೆಗೊಂದಿಯಿಂದ ಹೊಳೆ ದಾಟಿದ್ರೆ ವಿಜಯನಗರ. 1530ರ ದಶಕದಲ್ಲಿ ಅಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಪ್ರಕಾರ, ಅಲ್ಲಿನ ಅರಸರು ಕುರಿ, ಹಂದಿ, ಜಿಂಕೆ, ಮೊಲ ಎಲ್ಲಾ ತಿಂತಿದ್ರು. ಪೇಟೆಯಲ್ಲಿ ಇಲಿಯನ್ನೂ ಮಾರ್ತಿದ್ರು. ದನ ಮಾತ್ರ ಕಡೀತಿರಲಿಲ್ಲ, ಪೂಜೆ ಮಾಡ್ತಿದ್ರು. ಇದು ಅರಮನೆ, ಪೇಟೆ ನೋಡಿದವನ ಮಾತು. ಪ್ರತಿ ಗುಡಿಸಲಿನ ಒಲೆಯ ಲೆಕ್ಕ ಇದರಲ್ಲಿ ಸಿಗಲ್ಲ. ದನದ ಮಾಂಸ ತಿನ್ನೋ ದಲಿತ, ಮುಸ್ಲಿಂ, ಕ್ರೈಸ್ತ ಮನೆಗಳು ಕರ್ನಾಟಕದಲ್ಲಿವೆ. ಕುರಿ ಮಾಂಸಕ್ಕಿಂತ ಅದು ಅಗ್ಗ. 2021ರಲ್ಲಿ ಜಾರಿಯಾದ ಕಾಯ್ದೆ ಹಸು, ಹೋರಿ, ಎತ್ತು, 13 ವರ್ಷದೊಳಗಿನ ಎಮ್ಮೆ-ಕೋಣಗಳ ವಧೆಯನ್ನ ನಿಷೇಧಿಸಿತು. ಶಿಕ್ಷೆ 3ರಿಂದ 7 ವರ್ಷ ಜೈಲು.

ಇನ್ನು ಚೀಸ್. 12ನೇ ಶತಮಾನದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಕಾಸಿದ ಹಾಲನ್ನ ಹುಳಿಯಿಂದ ಒಡೆದು, ಬಟ್ಟೆಯಲ್ಲಿ ಸೋಸಿ ಸಿಹಿ ಮಾಡೋ ಕ್ರಮ ಇದೆ. ಹೀಗೆ ಹುಳಿಯಿಂದ ಒಡೆದದ್ದು, ನಮ್ಮ ಪನೀರ್ ಥರ, ತವಾ ಮೇಲೆ ಕೆಂಪಾಗುತ್ತೆ, ಕರಗಲ್ಲ. ಕರಗೋ ಚೀಸ್‌ಗೆ ರೆನೆಟ್ ಅನ್ನೋ ಕಿಣ್ವ ಬೇಕು. ಯುರೋಪಿನಲ್ಲಿ ಅದನ್ನ ಎಳೆಗರುವಿನ ಹೊಟ್ಟೆಯಿಂದ ತೆಗೀತಿದ್ರು! ಅಂದ್ರೆ ಆ ಸ್ಯಾಂಡ್‌ವಿಚ್‌ನ ಎರಡೂ ಪದರ ದನ ಕಡಿಯೋ ನಾಡಿನವು. ಇವತ್ತು ಹಸಿರು ಚುಕ್ಕೆಯ ಚೀಸ್‌ಗೆ ಸೂಕ್ಷ್ಮಜೀವಿಗಳಿಂದ ಪಡೆದ ಕಿಣ್ವ ಸಾಕು. ಹಾಗಾಗಿ ಚೀಸ್ ಸಸ್ಯಾಹಾರಿಗಳ ಫ್ರಿಜ್‌ಗೂ ಬಂತು. ಮಾಂಸಕ್ಕೆ ಅಂಥ ದಾರಿ ಸಿಗಲಿಲ್ಲ.

ಮಾಡೋ ಕ್ರಮ ಸುಲಭ. ಮೆತ್ತಗೆ ಬೆಂದ ಮಾಂಸ, ಕುರಿನೋ ಕೋಳಿನೋ, ತೆಳ್ಳಗೆ ಹೆಚ್ಚಿ ಈರುಳ್ಳಿ, ಮೆಣಸಿನ ಜೊತೆ ಬಿಸಿ ಮಾಡಿ. ಬೆಣ್ಣೆ ಸವರಿದ ಬ್ರೆಡ್ ಮೇಲೆ ಹರಡಿ, ಚೀಸ್ ಇಟ್ಟು, ಇನ್ನೊಂದು ಬ್ರೆಡ್ ಮುಚ್ಚಿ, ಸಣ್ಣ ಉರಿಯಲ್ಲಿ ತವಾಕ್ಕೆ ಮುಚ್ಚಳ ಹಾಕಿ. ಒಳಗಿನ ಹಬೆಗೆ ಚೀಸ್ ಕರಗುತ್ತೆ. ಮಧ್ಯೆ ಒಮ್ಮೆ ಮಗುಚಿ.

ನಾನು ಹೇಳೋದಿಷ್ಟು: ಇಲ್ಲಿ ಬೀಫ್ ಬದಲು ಕೋಳಿ ಹಾಕೋದು ಕೆಲವರಿಗೆ ನಂಬಿಕೆ, ಕೆಲವರಿಗೆ ರುಚಿ, ಇನ್ನು ಕೆಲವರಿಗೆ ಕಾಯ್ದೆಯ ಭಯ. ಮೂರಕ್ಕೂ ‘ನಮ್ಮ ಸಂಪ್ರದಾಯ’ ಅಂತ ಒಂದೇ ಹೆಸರು ಇಟ್ಟುಬಿಟ್ರೆ, ಕೆಲವು ಮನೆಗಳ ಅಡುಗೆ ಇತಿಹಾಸದಿಂದಲೇ ಅಳಿಸಿಹೋಗುತ್ತೆ.